ಗಂಟು ಬಿಚ್ಚಿಸುವ ತಾರಿಯ ಬೊಮ್ಮ

ಹೊನ್ನಾವರದ ಹತ್ತಿರ ಶರಾವತಿಯನ್ನು ದೋಣಿಯಲ್ಲಿ ದಾಟಿದ ಹಳಬರಿಗೆ ಬೊಮ್ಮ ಅಂಬಿಗನ ನೆನಪು ಇರಲೇಬೇಕು. ತಾರಿಗೆ, ಅಂದರೆ ದೋಣಿ ದಾಟುವ ಕಟ್ಟೆಗೆ, ಬಂದವರು ಯಾರೇ ಆಗಲಿ, ಕೈಯಲ್ಲಿದ್ದ ಗಂಟನ್ನು ಬಿಚ್ಚಿ ತೋರಿಸದೆ ಅವನು ದೋಣಿ ಹತ್ತಲು ಬಿಡುತ್ತಿರಲಿಲ್ಲ. ಮದುವೆ ದಿಬ್ಬಣದವರ ಸೀರೆ ಪೆಟ್ಟಿಗೆ ಬಿಚ್ಚಿಸಿದ್ದಾನೆ, ಕೋರ್ಟಿಗೆ ಹೊರಟ ವಕೀಲರ ಕೈಚೀಲ ಬಿಚ್ಚಿಸಿದ್ದಾನೆ. ಯುದ್ಧದ ಹಡಗಿಗೆ ಹೋಗಿ ಬಂದವನಿಗೆ ತಲೆ ಕೆಟ್ಟಿದೆ ಎಂದು ಜನ ಬೈಯುತ್ತಿದ್ದರು, ನಗುತ್ತಿದ್ದರು, ಕೊನೆಗೆ ಬಿಚ್ಚಿ ತೋರಿಸುತ್ತಿದ್ದರು. ಆ ಅಳಿವೆಯ ಸೆಳೆತದಲ್ಲಿ ಅವನಷ್ಟು ನಂಬಿಕೆಯ ಕೈ ಬೇರೊಂದಿರಲಿಲ್ಲ.

ಅವನ ತಲೆ ಕೆಟ್ಟಿರಲಿಲ್ಲ. ಯಾಕೆ ಬಿಚ್ಚಿಸುತ್ತಿದ್ದ ಎಂಬುದು ನನ್ನೊಬ್ಬನಿಗೆ ಗೊತ್ತಿತ್ತು. ಯಾರಿಗೂ ಹೇಳುವುದಿಲ್ಲವೆಂದು ಅವನಿಗೆ ಮಾತು ಕೊಟ್ಟಿದ್ದೆ. ಈಗ ಬೊಮ್ಮನೂ ಇಲ್ಲ, ಅವನ ಹೆಂಡತಿ ದುರ್ಗಿಯೂ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಇನ್ನೂ ಬಾಯಿ ಮುಚ್ಚಿಕೊಂಡಿರುವುದರಲ್ಲಿ ಅರ್ಥವಿಲ್ಲ.

ನನ್ನ ಹೆಸರು ಕೃಷ್ಣಾನಂದ. ಆಗ ತಾಲೂಕಿನಲ್ಲಿ ಸಿಡುಬಿಗೆ ದಾಕು ಹಾಕುವ ಕೆಲಸ ನನ್ನದು. ಚರ್ಮದ ಚೀಲದಲ್ಲಿ ಲಸಿಕೆಯ ಕೊಳವೆ, ಸೂಜಿ, ಸ್ಪಿರಿಟ್ ದೀಪ ಇಟ್ಟುಕೊಂಡು ಕೇರಿ ಕೇರಿ ತಿರುಗಿ ಜನರ ತೋಳಿಗೆ ಗೀರು ಹಾಕುವುದು. ನನ್ನ ಕೊಡೆ ದೂರದಲ್ಲಿ ಕಂಡರೆ ಸಾಕು, ಹೆಂಗಸರು ಮಕ್ಕಳನ್ನು ಕಣಜದ ಹಿಂದೆ ಅಡಗಿಸುತ್ತಿದ್ದರು. ಮನೆಯಲ್ಲಿ ಯಾರೂ ಇಲ್ಲ ಎಂದು ಮನೆಯೊಳಗಿನಿಂದಲೇ ಕೂಗಿ ಹೇಳಿದವರೂ ಇದ್ದಾರೆ. ಇಡೀ ತಾಲೂಕಿನಲ್ಲಿ ನನ್ನನ್ನು ಕಂಡು ಸಂತೋಷಪಡುತ್ತಿದ್ದವನು ಬೊಮ್ಮ ಒಬ್ಬನೇ.

ಬೊಮ್ಮ ಹೊಳೆಯ ಈಚೆ ದಡದ ಕಾಸರಕೋಡಿನ ಬದಿಯ ಅಂಬಿಗರ ಕೇರಿಯವನು. ಯುದ್ಧ ಶುರುವಾದ ವರ್ಷ ದುರ್ಗಿಯನ್ನೂ ಹನ್ನೊಂದು ವರ್ಷದ ಮಗಳು ಸುಬ್ಬಿಯನ್ನೂ ತಂದೆಯ ಬಳಿ ಬಿಟ್ಟು ಬೊಂಬಾಯಿಗೆ ಹೋಗಿ, ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದ. ಆರು ವರ್ಷದ ಮೇಲೆ ಬಂದಾಗ ತಂದೆ ತೀರಿದ್ದರು, ಸುಬ್ಬಿಗೆ ಹೊಳೆಯ ಆಚೆ ದಡದ ಕೇರಿಯಲ್ಲಿ ಮದುವೆಯಾಗಿತ್ತು. ಮಗಳ ಧಾರೆಗೆ ತಾನಿರಲಿಲ್ಲ ಎಂಬ ಸಂಕಟ ಅವನನ್ನು ಬಿಡಲಿಲ್ಲ. ತಂದೆಯ ದೋಣಿ ಹಿಡಿದ ಮೇಲೆ ದಿನಕ್ಕೊಂದು ಸಲ ಆಚೆ ದಡದಲ್ಲಿ ದೋಣಿ ಕಟ್ಟಿ, ಅವಳ ಅಂಗಳದಲ್ಲಿ ನಿಂತು, ಮುಖ ನೋಡಿ ಬರುತ್ತಿದ್ದ.

ಹಡಗಿನಿಂದ ಅವನು ತಂದದ್ದು ಒಂದು ತಗಡಿನ ಟ್ರಂಕು. ಅದರೊಳಗೆ ಒಂದು ಹಳದಿ ಬಾವುಟವಿತ್ತು. ದೋಣಿಯಲ್ಲಿ ನಾನೊಬ್ಬನೇ ಇದ್ದ ದಿನ ಹುಟ್ಟು ಹಾಕುತ್ತ ಅದರ ಕಥೆ ಹೇಳುತ್ತಿದ್ದ.

"ನೇಪಲ್ಸ್ ಅಂದು ಒಂದು ಊರು ಅದೆ ಒಡೇರೆ. ಬಾಂಬಿಗೆ ಹೆದ್ರಿ ಜನ ಎಲ್ಲ ಗುಡ್ಡದ ಒಳಗೆ ಗವಿಯಲ್ಲಿ ಒತ್ತೊತ್ತಾಗಿ ಮಲಗೂದು. ಹೇನು ಹತ್ತಿ ಜ್ವರ. ನಿನ್ನೆಕ್ಕಿಂತ ಇವತ್ತು ಹೆಚ್ಚು, ಇವತ್ತಿಗಿಂತ ನಾಳೆ ಹೆಚ್ಚು. ಆಗ ಸಿಪಾಯಿಗಳು ಬೀದಿ ಬಾಯಲ್ಲಿ ಪಂಪು ಹಿಡ್ಕಂಡು ನಿಂತ್ರು. ಗಂಡಸಾಗ್ಲಿ, ಹೆಂಗಸಾಗ್ಲಿ, ಪಾದ್ರಿಯಾಗ್ಲಿ, ಕೊರಳಲ್ಲಿ ಒಂದು ಸಲ, ತೋಳಲ್ಲಿ ಒಂದು ಸಲ ಬಿಳಿ ಪುಡಿ ಊದಿ ಬಿಡೂದು. ನೀ ಯಾರು ಎಂತ ಅಂದು ಕೇಳೂದೇ ಇಲ್ಲ."

ಆ ಊರಿನ ಬೀದಿಯಲ್ಲಿ ಜನ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ತಲೆ, ಹುಬ್ಬು, ಮೈಯೆಲ್ಲ ಬೆಳ್ಳಗಾಗಿ, ಮಾತಿಲ್ಲದೆ ನಡೆಯುತ್ತಿದ್ದರಂತೆ. ಸತ್ತವರು ಯಾರು ಬದುಕಿದವರು ಯಾರು ಎಂದು ತನಗೆ ಗೊತ್ತಾಗಲಿಲ್ಲ ಎನ್ನುತ್ತಿದ್ದ. ಆದರೆ ಜ್ವರ ನಿಂತಿತು ಎಂಬುದನ್ನೂ ಮರೆಯದೆ ಹೇಳುತ್ತಿದ್ದ.

ಮರುವರ್ಷ ಅವನ ಹಡಗಿನಲ್ಲೇ ಸಿಡುಬು ಕಾಣಿಸಿಕೊಂಡಿತು. ರತ್ನಾಗಿರಿಯ ಒಬ್ಬ ಖಲಾಸಿಗೆ. ಡಾಕ್ಟರರು ಎಲ್ಲರಿಗೂ ದಾಕು ಹಾಕಿ, ಅವನು ಮುಟ್ಟಿದ ಬಟ್ಟೆಯನ್ನೆಲ್ಲ ಸುಡಲು ಹೇಳಿದರು. ಹಾಸಿಗೆ, ಅಂಗಿ, ತಲೆದಿಂಬು ಎಲ್ಲವನ್ನೂ ಬಾಯ್ಲರಿಗೆ ಹಾಕಿದವನು ಬೊಮ್ಮನೇ. ಮೊದಲು ಸಿಕ್ಕಿದ ಬಂದರಿನವರು ದೂರದಿಂದಲೇ ಕೈಬೀಸಿ ಮುಂದೆ ಹೋಗಿ ಎಂದರು. ಎರಡನೆಯ ದೇಶದವರು ಒಳಗೂ ಬಿಡಲಿಲ್ಲ, ಹೊರಗೂ ಕಳಿಸಲಿಲ್ಲ. ಹಳದಿ ಬಾವುಟ ಏರಿಸಿ ಹದಿನಾಲ್ಕು ದಿನ ಅಲ್ಲೇ ಲಂಗರು ಹಾಕಿ ಎಂದರು.

"ದಿನಾ ಮಧ್ಯಾಹ್ನ ಒಂದು ಲಾಂಚು ಬತ್ತಿತ್ತು. ಮೂಗು ಬಾಯಿಗೆ ಬಟ್ಟೆ ಕಟ್ಕಂಡವ ಒಬ್ಬ ನಮ್ಮನ್ನೆಲ್ಲ ಸಾಲಾಗಿ ನಿಲ್ಸಿ, ಬೆರಳು ಮಾಡಿ ಎಣಿಸಿ, ತಗಡಿನ ಕೊಂಬಲ್ಲಿ ಕೂಗ್ತಿದ್ದ. ಮಲಗಿದ್ದ ರತ್ನಾಗಿರಿಯವನೂ ಸೇರಿ ಮೂವತ್ತೇಳು. ಐದನೇ ದಿನ ರತ್ನಾಗಿರಿಯವ ಸತ್ತ. ನಾವೇ ಗೋಣಿಬಟ್ಟೆಯಲ್ಲಿ ಹೊಲಿದು ನೀರಿಗೆ ಬಿಟ್ವಿ. ಮರುದಿನ ಮಧ್ಯಾಹ್ನ ಅಂವ ಎಣಿಸ್ದ ಒಡೇರೆ. ಮೂವತ್ತೇಳು."

"ತಪ್ಪಿ ಎಣಿಸಿರಬೇಕು" ಎಂದೆ.

"ನಾವೂ ಹಾಗೇ ಅಂದ್ವಿ. ಅದರ ಮರುದಿನವೂ ಮೂವತ್ತೇಳು. ಹದಿನಾಲ್ಕು ದಿನ ಮುಗಿಯೂ ತನಕ ಮೂವತ್ತೇಳೇ." ಹುಟ್ಟು ಹಾಕುತ್ತಲೇ ನಕ್ಕ. "ಒಂದು ದೇಶದವರು ಪುಡಿ ಊದ್ತಾರೆ, ಒಂದು ದೇಶದವರು ಬಾಗಿಲು ಹಾಕ್ತಾರೆ, ಇನ್ನೊಂದು ದೇಶದವರು ಮುಂದಿನ ಊರಿಗೆ ದಾಟಿಸ್ತಾರೆ. ನಾವು ಹೊರೆ ದಾಟಿಸ್ದಂಗೇ."

ಹೊರೆ ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಕೇರಿಗೆ ಸಿಡುಬು ಬಂದರೆ ಅಮ್ಮ ಬಂದಳು ಎಂದೇ ಮಾತು. ಅವಳನ್ನು ಓಡಿಸುವಂತಿಲ್ಲ, ಉಪಚರಿಸಿ ಮುಂದಿನ ಊರಿಗೆ ಕಳಿಸಬೇಕು. ಅಮ್ಮ ಬಂದ ಮನೆಮನೆಯಿಂದ ರೋಗಿ ಹೊದ್ದ ಒಂದೊಂದು ಬಟ್ಟೆ, ಅಕ್ಕಿ, ಬಳೆ, ಒಂದು ಹುಂಜ, ಎಲ್ಲವನ್ನೂ ದೊಡ್ಡ ಬುಟ್ಟಿಯಲ್ಲಿಟ್ಟು ಗಡಿ ದಾಟಿಸುತ್ತಿದ್ದರು. ಆ ಕೇರಿಗೆ ಗಡಿ ಎಂದರೆ ಹೊಳೆ. ದಾಟಿಸುವ ಹಕ್ಕು ಬೊಮ್ಮನ ಮನೆತನದ್ದು. ನಡು ಮಧ್ಯಾಹ್ನ, ಎರಡೂ ದಡದಲ್ಲಿ ಬಾಗಿಲು ಹಾಕಿರುವಾಗ, ಅಂಬಿಗ ಒಬ್ಬನೇ ಮಾತಿಲ್ಲದೆ, ಹಿಂದೆ ನೋಡದೆ ದಾಟಿಸಿ ಬರಬೇಕು. ನಡುಹೊಳೆಯಲ್ಲಿ ದೋಣಿ ಒಮ್ಮೆಗೇ ಭಾರವಾಗುತ್ತದೆ, ಅದು ಅಮ್ಮ ಹತ್ತಿ ಕೂತ ಗುರುತು ಎಂದು ಅವನ ತಂದೆ ಹೇಳಿದ್ದರಂತೆ. ಆಚೆ ದಡದವರು ಬುಟ್ಟಿಗೆ ಪೂಜೆ ಮಾಡಿ, ಮುಟ್ಟಿ ನಮಸ್ಕರಿಸಿ, ತಮ್ಮ ಗಡಿಗೆ ಒಯ್ಯುತ್ತಿದ್ದರು.

ಯುದ್ಧ ಮುಗಿದ ಮರುವರ್ಷದ ಬೇಸಿಗೆಯಲ್ಲಿ ಬೊಂಬಾಯಿಯ ಸ್ಟೀಮರಿನಿಂದ ಇಳಿದ ಒಬ್ಬನಿಂದ ಆ ಕೇರಿಗೆ ಸಿಡುಬು ಹತ್ತಿತು. ಮೊದಲ ವಾರ ಎರಡು ಮನೆ, ಎರಡನೆಯ ವಾರ ಐದು, ಆಮೇಲೆ ಹನ್ನೊಂದು. ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಲಾಚಿದರೂ ಅರ್ಧ ಕೇರಿ ತೋಳು ಚಾಚಲಿಲ್ಲ. ಬೊಮ್ಮ ತನ್ನ ಹಳದಿ ಬಾವುಟ ತಂದು ಕೇರಿಯ ಬಾಯಲ್ಲಿ ಗಳಕ್ಕೆ ಕಟ್ಟಿದ. ಕೇರಿಯ ಯಜಮಾನ, ಅಂದರೆ ಬುಧವಂತ, ತಿಮ್ಮ ಎಂಬ ಮುದುಕ. ಅವನು ಬಾವುಟವನ್ನು ಕಿತ್ತು ಬೊಮ್ಮನ ಮುಖಕ್ಕೆ ಎಸೆದ.

"ಅಮ್ಮ ಬಂದ ಕೇರಿಗೆ ನಿಶಾನಿ ಕಟ್ಟೂದು ಎಂತಕ್ಕೆ? ಅವಳೇನು ಕಳ್ಳಿಯಾ? ಬಪ್ಪೂ ಮಂಗಳವಾರ ಹೊರೆ. ನೀ ದಾಟ್ಸು, ಆತು."

ಅವತ್ತು ಬೊಮ್ಮ ನನ್ನನ್ನು ಹುಡುಕಿಕೊಂಡು ಬಂದ. ಸುಬ್ಬಿಗೆ ಆಗ ಏಳು ತಿಂಗಳು. ಬಸುರಿಗೆ ಗೀರು ಹಾಕಬೇಡಿ ಎಂದು ಅವಳ ಅತ್ತೆ ಹೊನ್ನಮ್ಮ ನನ್ನನ್ನು ಎರಡು ಸಲ ಅಂಗಳದಿಂದ ವಾಪಸು ಕಳಿಸಿದ್ದಳು. ಹೊರೆಯ ಬುಟ್ಟಿ ಇಳಿಯುವುದು ಆ ಮನೆಯಿಂದ ಕೂಗಳತೆಯಲ್ಲಿ.

"ದಾಟಿಸೂದಿಲ್ಲ ಅಂದ್ರೆ ಬೇರೆ ಯಾರಾದ್ರೂ ದಾಟಿಸ್ತಾರೆ. ದಾಟ್ಸಿದ್ರೆ ಆ ಬಟ್ಟೆ ಎಲ್ಲ ಸುಬ್ಬಿ ಬಾಗಿಲಿಗೆ. ಬಾಯ್ಲರಿಗೆ ಹಾಕ್ದವ ನಾನು ಒಡೇರೆ, ನಂಗೆ ಗೊತ್ತು. ನಾನೇ ಹೊರೆ ತಕ್ಕಂಡು ಹೋತೆ. ಆಚೆ ಮುಟ್ಟಿಸೂದಿಲ್ಲ."

ಅಳಿವೆಯ ನಡುವೆ ಇಳಿತದಲ್ಲಿ ತಲೆ ಎತ್ತುವ ಒಂದು ಮರಳ ದಿಬ್ಬವಿದೆ. ಅಲ್ಲಿ ಇಳಿಸಿ ಸುಟ್ಟುಬಿಡುತ್ತೇನೆ ಎಂದ. ನಾನು ಎರಡು ಬಾಟಲಿ ಸೀಮೆಎಣ್ಣೆ ಕೊಟ್ಟೆ. ಅದರ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪ ಬೇರೆಯದಕ್ಕೆ ಇದೆ.

ಹೊರೆ ದಾಟಿದ ಮೇಲೆ ಎಂಟು ದಿನ ತಾರಿ ನಿಲ್ಲುತ್ತದೆ. ಅದಕ್ಕೇ ದುರ್ಗಿ ಮಂಗಳವಾರ ಬೆಳಿಗ್ಗೆಯೇ ಮಗಳಿಗೆ ಬಯಕೆಯ ತಿಂಡಿ ಮುಟ್ಟಿಸಿ ಬರುತ್ತೇನೆ ಎಂದು ಹಟ ಹಿಡಿದಳು. ಬೊಮ್ಮ ಮೊದಲು ಬೇಡವೆಂದ. ಆಮೇಲೆ ಯೋಚಿಸಿದ. ಅವಳಿಗೆ ನಾನು ಹಿಂದೆಯೇ ದಾಕು ಹಾಕಿದ್ದೆ, ಅದು ಹಕ್ಕಳೆ ಕಟ್ಟಿ ಉದುರಿಯೂ ಆಗಿತ್ತು. ಅಮ್ಮ ಬಂದ ಯಾವ ಮನೆಗೂ ಅವಳನ್ನು ಅವನು ಹೋಗಗೊಟ್ಟಿರಲಿಲ್ಲ. ಆದರೂ ಬಿಸಿನೀರಿನಲ್ಲಿ ತಲೆಸ್ನಾನ ಮಾಡಿಸಿದ, ಉಡುವ ಸೀರೆಯನ್ನು ಹಂಡೆಯಲ್ಲಿ ಕುದಿಸಿ ಒಣಗಿಸಿದ. ಯಾವ ಬಂದರಿನ ಡಾಕ್ಟರರೂ ಅಷ್ಟು ಮಾಡುತ್ತಿರಲಿಲ್ಲ.

ಬೆಳಗಿನ ಮೊದಲ ದೋಣಿಯಲ್ಲಿ ನಾವು ಮೂವರೇ. ದುರ್ಗಿಯ ಮಡಿಲಲ್ಲಿ ಒಂದು ಗಂಟು.

"ಗಂಟಲ್ಲಿ ಎಂತದು?" ಎಂದು ಬೊಮ್ಮ ಕೇಳಿದ.

"ಎಂತ ಇರ್ತದೆ? ಮಗಳಿಗೆ ಎಳ್ಳುಂಡೆ, ಹೂವು. ನಿಮ್ಮ ಸಾಹೇಬರ ಹಾಗೆ ಅದನ್ನೂ ಕುದಿಸ್ತ್ರಾ?" ಎಂದು ದುರ್ಗಿ ನಕ್ಕಳು. ನಾನೂ ನಕ್ಕೆ. ಬೊಮ್ಮನೂ ನಕ್ಕ. ಗಂಟಿನ ಬಾಯಲ್ಲಿ ಕೆಂಪು ಬಟ್ಟೆಯ ಒಂದು ತುದಿ ಹೊರಗೆ ಇಣುಕುತ್ತಿತ್ತು, ನೋಡಿದೆ. ಬಣ್ಣ ಚೆನ್ನಾಗಿದೆ ಎಂದುಕೊಂಡೆ, ಅಷ್ಟೇ. ದೋಣಿ ಅಷ್ಟು ಹಗುರವಾಗಿ ಹೋದದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ. ಹತ್ತು ಗಂಟೆಯೊಳಗೆ ತಿರುಗಿ ಬಂದೆವು.

ಮಧ್ಯಾಹ್ನ ಹನ್ನೆರಡಕ್ಕೆ ಕೇರಿಯ ಬಾಗಿಲುಗಳೆಲ್ಲ ಹಾಕಿಕೊಂಡವು. ನಾನು ಗಾಳಿಮರಗಳ ಮರೆಯಲ್ಲಿ ನಿಂತೆ. ಬಿಸಿಲು ಸುಡುತ್ತಿತ್ತು, ಒಂದು ಕಾಗೆಯ ದನಿ ಇಲ್ಲ, ಅಳಿವೆಯ ತೆರೆಯೂ ಸದ್ದು ಮಾಡಲಿಲ್ಲ. ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಬೊಮ್ಮ ಒಬ್ಬನೇ ಹುಟ್ಟು ಹಾಕುತ್ತ ಹೋದ. ನಡುಹೊಳೆಯಲ್ಲಿ ದೋಣಿ ಕೆಳಗೆ ಕೂತಿತು. ಅಂಚಿನಿಂದ ಒಂದು ಗೇಣು ಕೆಳಗಿದ್ದ ನೀರು ನಾಲ್ಕು ಬೆರಳಿಗೆ ಬಂತು. ನಾನು ದಾಕಿನ ಮನುಷ್ಯ, ಇಂಥದನ್ನೆಲ್ಲ ನಂಬುವವನಲ್ಲ. ಆದರೆ ಕಂಡದ್ದನ್ನು ಕಾಣಲಿಲ್ಲ ಎನ್ನಲಾರೆ.

ದಿಬ್ಬದ ಮೇಲೆ ಹೊಗೆ ಎದ್ದಿತು. ಬಳೆಗಳು ಬೆಂಕಿಯಲ್ಲಿ ಸಿಡಿಯುವ ಸದ್ದು ನೀರಿನ ಮೇಲಿಂದ ಸ್ಪಷ್ಟವಾಗಿ ಕೇಳಿಸಿತು. ಬೆಂಕಿ ಆರಿದ ಮೇಲೆ ಬೊಮ್ಮ ತಿರುಗಿ ಬಂದ. ಬುಟ್ಟಿ ಇಲ್ಲ, ಒಬ್ಬನೇ ಇದ್ದಾನೆ, ದೋಣಿ ಮಾತ್ರ ಅಷ್ಟೇ ಕೆಳಗೆ ಕೂತಿದೆ.

"ಇಳ್ದಿಲ್ಲ ಒಡೇರೆ" ಎಂದ. ಮುಖ ಬೂದಿಯಾಗಿತ್ತು.

"ನೀರು ನುಗ್ಗಿದೆಯೋ ಮಾರಾಯ, ನೋಡು" ಎಂದು ಗದರಿದೆ. ಇಬ್ಬರೂ ಸೇರಿ ಹಲಗೆ ಎತ್ತಿ ನೋಡಿದೆವು. ದೋಣಿಯ ತಳದಲ್ಲಿ ಒಂದು ಹನಿ ನೀರಿರಲಿಲ್ಲ.

ಹುಂಜವನ್ನು ಸುಡಲು ಅವನಿಗೆ ಮನಸ್ಸು ಬಂದಿರಲಿಲ್ಲ, ದಿಬ್ಬದ ಮೇಲೆ ಬಿಟ್ಟು ಬಂದಿದ್ದ. ಅದು ಮೂರು ದಿನ ನಡು ಮಧ್ಯಾಹ್ನದಲ್ಲಿ ಕೂಗಿತು. ದಿನಕ್ಕೆರಡು ಸಲ ಉಬ್ಬರದ ನೀರು ಆ ದಿಬ್ಬವನ್ನು ಪೂರ್ತಿ ಮುಚ್ಚುತ್ತದೆ, ಆ ಹುಂಜ ಎಲ್ಲಿ ನಿಂತು ಕೂಗಿತೋ ನನಗೆ ಗೊತ್ತಿಲ್ಲ. ನಾಲ್ಕನೆಯ ದಿನ ಕೂಗಲಿಲ್ಲ.

ಹೊಗೆಯನ್ನು ಬಾಗಿಲ ಸಂದಿಯಿಂದ ಎಲ್ಲರೂ ನೋಡಿದ್ದರು. ಬೊಮ್ಮನ ಮನೆಗೆ ಬೆಂಕಿ ನೀರು ಕೊಡಕೂಡದು, ಮಾತಾಡಕೂಡದು ಎಂದು ತಿಮ್ಮ ಕಟ್ಟು ಹಾಕಿದ. ದುರ್ಗಿ ಗಂಡನ ಮುಂದೆ ನಿಂತು, "ಅಮ್ಮನನ್ನ ಸುಟ್ಟು ಬಂದ್ಯಾ?" ಎಂದು ಒಂದೇ ಮಾತು ಕೇಳಿ ಒಳಗೆ ಹೋದಳು. ಎಂಟು ದಿನ ಕಳೆದ ಮೇಲೂ ಬೊಮ್ಮ ಆಚೆ ದಡಕ್ಕೆ ಹೋಗಲಿಲ್ಲ. ದೋಣಿಯ ಹಲಗೆಯ ಮೇಲೆ ದಿನಕ್ಕೊಂದು ಇದ್ದಿಲ ಗೆರೆ ಎಳೆಯುತ್ತ ಕೂತ. ಹದಿನಾಲ್ಕು ಗೆರೆ ಆಗಿ ಆಚೆ ದಡದಲ್ಲಿ ಯಾರಿಗೂ ಜ್ವರ ಬರದಿದ್ದರೆ ತಾನು ಗೆದ್ದಂತೆ.

ಹದಿಮೂರನೆಯ ಗೆರೆ ಎಳೆದ ದಿನ ಆಚೆ ದಡದಿಂದ ಯಾರೋ ಪಂಚೆ ಬೀಸಿ ಬೊಮ್ಮನ ಹೆಸರು ಹಿಡಿದು ಕೂಗಿದರು. ನಾನೂ ಚೀಲ ಹಿಡಿದು ದೋಣಿ ಹತ್ತಿದೆ. ದಾರಿಯುದ್ದಕ್ಕೂ ಅವನು, "ಬರೀ ಜ್ವರ ಇರ್ಬೇಕು, ಬಸುರಿಗೆ ಬತ್ತದೆ ಅಲ್ದಾ ಒಡೇರೆ" ಎಂದು ಕೇಳುತ್ತಲೇ ಇದ್ದ. ನಾನು ಹೌದು ಎನ್ನುತ್ತಲೇ ಇದ್ದೆ.

ಸುಬ್ಬಿ ಚಾಪೆಯ ಮೇಲೆ ಮಲಗಿದ್ದಳು. ಹಣೆಯ ಮೇಲೆ, ಮುಂಗೈಯ ಮೇಲೆ ಕೆಂಪು ಚುಕ್ಕೆಗಳು ಎದ್ದಿದ್ದವು. ಇಪ್ಪತ್ತು ವರ್ಷ ನೋಡಿದ್ದೇನೆ, ನನಗೆ ಹತ್ತಿರ ಹೋಗಿ ನೋಡಬೇಕಾಗಿರಲಿಲ್ಲ. ಅವಳ ಎದೆಯ ಮೇಲೆ ಒಂದು ಕೆಂಪು ರವಿಕೆ ಕಣ ಹೊದೆಸಿತ್ತು. ಅದರ ತುದಿಯಲ್ಲಿ ಅರಿಶಿನದ ಕೊಂಬು ಕಟ್ಟಿದ ಒಂದು ಗಂಟು.

"ಇದು ಎಲ್ಲಿಂದ ಬಂತು ಮಗಾ?" ಎಂದು ಬೊಮ್ಮ ಕೇಳಿದ.

"ಅವ್ವಿ ತಂದು ಕೊಟ್ಲು ಅಪ್ಪ. ಬುಧವಂತನ ಮನೇಲಿ ಅಮ್ಮ ಬಂದ ಕೂಸಿನ ತಲೆದಿಂಬಿನಡಿ ಒಂಬತ್ತು ದಿನ ಇಟ್ಟಿದ್ದಡ. ಹೊರೆ ದಾಟಿಸುವ ಮನೆಗೆ ಕೊಡೂದು. ನಾ ಬಸುರಿ ಅಲ್ದಾ, ಅಮ್ಮ ಕಾಯ್ತಾಳೆ, ದಿನಾ ಮೈಮೇಲೆ ಹಾಕ್ಕಂಡು ಮಲಗು ಅಂದ್ಲು."

ಹೊರೆಯ ಹಿಂದಿನ ದಿನ ಹೆಂಗಸರ ಕೈಯಿಂದ ಹೆಂಗಸರ ಕೈಗೆ ಹೋಗುವ ಪದ್ಧತಿ ಅದು. ಗಂಡಸರಿಗೆ ಅದರ ಸುಳಿವೇ ಇರುವುದಿಲ್ಲ. ಸಮುದ್ರದ ಆಚೆಯ ಮೂರು ದೇಶದ ಪದ್ಧತಿ ಬಲ್ಲ ಬೊಮ್ಮನಿಗೆ ಸ್ವಂತ ಅಡಿಗೆಮನೆಯದು ಗೊತ್ತಿರಲಿಲ್ಲ. ಸರ್ಕಾರದ ಸಂಬಳ ತಿನ್ನುತ್ತಿದ್ದ ನನಗೂ ಗೊತ್ತಿರಲಿಲ್ಲ, ಕಣ್ಣೆದುರೇ ಆ ಕೆಂಪು ತುದಿ ಇಣುಕಿದಾಗಲೂ ನಾನು ನಕ್ಕು ಕೂತಿದ್ದೆ. ಬುಟ್ಟಿಯನ್ನು ತಡೆದೆವು. ಹೊರೆ ಅದಕ್ಕೆ ಮೊದಲೇ, ಬೆಳಗಿನ ತಂಪಿನಲ್ಲಿ, ನಮ್ಮ ಜೊತೆಯೇ ಕೂತು ದಾಟಿತ್ತು.

ಬೊಮ್ಮ ಕಣವನ್ನು ಮೆಲ್ಲಗೆ ತೆಗೆದು ಹಿತ್ತಲಿಗೆ ಒಯ್ದು ಸುಟ್ಟ. ಅದು ಬೂದಿಯಾಗುವವರೆಗೆ ನಿಂತು ನೋಡಿ, ನನ್ನ ಕೈ ಹಿಡಿದುಕೊಂಡ. ಒಡೇರನ್ನು ಮುಟ್ಟಬಾರದು ಎಂಬುದೆಲ್ಲ ಅವನಿಗೆ ಮರೆತಿತ್ತು.

"ದುರ್ಗಿಗೆ ತಿಳೀಕಾಗ. ಇದೊಂದು ನೀವು ಯಾರಿಗೂ ಹೇಳೂಕಾಗ. ಮಗಳು ಹೋದ ಮೇಲೂ ಬದುಕ್ಬಹುದು ಒಡೇರೆ. ತಾನೇ ಕೊಟ್ಟದ್ದು ಅಂದು ತಿಳಿದ್ರೆ ಅವ್ಳು ಬದುಕೂದಿಲ್ಲ."

ನಾನು ಮಾತು ಕೊಟ್ಟೆ. ಅವನು ಆ ಮನೆಯ ಬಾಗಿಲಿಗೆ ಹಳದಿ ಬಾವುಟ ಕಟ್ಟಿ, ಉಳಿದವರನ್ನು ಹೊರಗೆ ಕಳಿಸಿ, ಒಳಗೆ ತಾನೊಬ್ಬನೇ ಉಳಿದ. ಹೊನ್ನಮ್ಮ ತಾನಾಗಿಯೇ ತೋಳು ಚಾಚಿದಳು, ಅವಳ ಹಿಂದೆ ಇಡೀ ಕೇರಿ ಚಾಚಿತು. ಆ ದಡದಲ್ಲಿ ಇನ್ನೊಂದು ಮನೆಗೆ ರೋಗ ಹತ್ತಲಿಲ್ಲ. ಆರನೆಯ ದಿನ ಸುಬ್ಬಿ ಹೋದಳು, ಹೊಟ್ಟೆಯಲ್ಲಿದ್ದ ಕೂಸೂ ಹೋಯಿತು.

ಮತ್ತೆ ಹದಿನಾಲ್ಕು ದಿನ ಕಳೆದು ಅವನು ಹೊಳೆ ದಾಟಿ ಬಂದಾಗ ದುರ್ಗಿ ತಾರಿಯಲ್ಲಿ ನಿಂತಿದ್ದಳು, ಅವಳ ಹಿಂದೆ ಕೇರಿಯ ಜನರೆಲ್ಲ ಇದ್ದರು.

"ನನ್ನ ಮಗಳನ್ನ ತಿಂದವ ನೀನು. ಹೊರೆ ಸುಟ್ಟೆ. ಅಮ್ಮ ನಿನ್ನ ದೋಣಿಯಲ್ಲೇ ಕೂತು ಅವಳ ಮನೆಗೆ ಹೋದ್ಲು. ಹೌದಾ ಅಲ್ದಾ, ಹೇಳು."

ಬೊಮ್ಮ ತಲೆ ತಗ್ಗಿಸಿ, "ಹೌದು" ಎಂದ. ನಾನು ಅಲ್ಲೇ ಇದ್ದೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ.

ಕೇರಿಯ ಕಟ್ಟು ಸಡಿಲಿದ ಮೇಲೆ ಇಪ್ಪತ್ತು ವರ್ಷ ಅವನು ತಾರಿ ನಡೆಸಿದ, ಎಲ್ಲರ ಗಂಟು ಬಿಚ್ಚಿಸಿದ. ದುರ್ಗಿ ಅವನಿಗೆ ಅನ್ನ ಬಡಿಸಿದಳು, ಮಾತಾಡಲಿಲ್ಲ. ಅವನು ಸಾಯುವಾಗಲೂ ಆಡಲಿಲ್ಲವಂತೆ.

ಹೋದ ವರ್ಷ ಅವಳಿಗೆ ತೀರ ಆರಾಮಿಲ್ಲ ಎಂದು ಕೇಳಿ ನೋಡಲು ಹೋಗಿದ್ದೆ. ಕಣ್ಣು ಕಾಣುತ್ತಿರಲಿಲ್ಲ, ದನಿಯಿಂದ ಗುರುತು ಹಿಡಿದಳು. ಬೊಮ್ಮನ ಸುದ್ದಿ ಎತ್ತಲಿಲ್ಲ. ಸುಬ್ಬಿಯ ಮಾತು ತೆಗೆದಳು.

"ನೀವು ಅಲ್ಲೇ ಇದ್ರಿ ಅಲ್ದಾ ಒಡೇರೆ. ನಾ ಕೊಟ್ಟ ಅಮ್ಮನ ಕಣ ಅವಳ ಮೈಮೇಲೆ ಇತ್ತಾ?"

"ಇತ್ತು" ಎಂದೆ.

"ಅದೊಂದು ಇದ್ದದ್ದಕ್ಕೇ ಆರು ದಿನ ಆದ್ರೂ ಜೀವ ಹಿಡ್ಕಂಡಿತ್ತು ನನ್ನ ಕೂಸು" ಎಂದಳು. ಅವಳ ಮುಖದಲ್ಲಿ ಅಷ್ಟು ಸಮಾಧಾನವನ್ನು ನಾನು ಹಿಂದೆ ಕಂಡಿರಲಿಲ್ಲ.

ಹೌದು ಎಂದು ಹೇಳಿ ಎದ್ದು ಬಂದೆ.